ಸಹಿ ಮಾಡುವ ಮುಂಚೆ: ಬ್ಯಾಡಗಿಯ ರ‍್ಯಾಪರ್ ಹುಡುಗನ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನಗೆ 23 ವರ್ಷ, ಊರು ಬ್ಯಾಡಗಿ. ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಅಜ್ಜ ಗೀಗೀ ಮೇಳದಲ್ಲಿ ಹಾಡುತ್ತಿದ್ದರು, ಚಿಕ್ಕವನಿದ್ದಾಗ ಅವರ ಹಿಂದೆ ಜಾತ್ರೆ ಜಾತ್ರೆ ಸುತ್ತಿದ್ದೇನೆ. ಏಳನೇ ಕ್ಲಾಸಿನಲ್ಲಿ ಶಾಲೆಯ ಗ್ಯಾದರಿಂಗಿನಲ್ಲಿ ಮೊದಲ ಸಲ ರ‍್ಯಾಪ್ ಮಾಡಿದೆ, ಅವತ್ತಿಂದ ಬಿಟ್ಟಿಲ್ಲ. ಡಿಪ್ಲೊಮಾ ಮುಗಿಸಿ ಈಗ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಯೂಟ್ಯೂಬಿನ ಫ್ರೀ ಬೀಟ್ (ಹಾಡಿನ ಹಿಂದಿನ ಸಂಗೀತ) ಮೇಲೆ ಒಂಬತ್ತು ಹಾಡು ಮಾಡಿ ಹಾಕಿದ್ದೇನೆ, ಎರಡಕ್ಕೆ ಕಾಪಿರೈಟ್ ಕ್ಲೇಮ್ ಬಂದಿದೆ. ಈಗ ಒಂದು ಮ್ಯೂಸಿಕ್ ಕಂಪನಿ ಅಗ್ರಿಮೆಂಟ್ ಕಳಿಸಿದೆ. ಒಂದು ಹಾಡಿಗೆ ₹25,000 ಕೊಡುತ್ತಾರಂತೆ. ಎಲ್ಲ ಹಕ್ಕು ಶಾಶ್ವತವಾಗಿ, ಇಡೀ ಜಗತ್ತಿಗೆ ಅವರದು. ಮುಂದಿನ ಮೂರು ವರ್ಷ ನಾನು ಬೇರೆ ಎಲ್ಲೂ ಹಾಡು ಬಿಡುವ ಹಾಗಿಲ್ಲ. ಮನೆಯಲ್ಲಿ ಸಹಿ ಮಾಡು ಅಂತಾರೆ. ನನಗೆ ಸ್ವಂತವಾಗಿ ಬೆಳೆಯುವ ಆಸೆ. ಇನ್ನೊಂದು, ನಮ್ಮ ಕಡೆ ಭಾಷೆ ಬಿಟ್ಟು ಬೆಂಗಳೂರಿನ ಕನ್ನಡದಲ್ಲಿ ಬರೀಬೇಕಾ? ಅಜ್ಜ ಹಾಡಿದ ಹಳೇ ಕ್ಯಾಸೆಟ್ ಇದೆ, ಅದನ್ನು ನನ್ನ ಹಾಡಿನಲ್ಲಿ ಬಳಸಬಹುದಾ? ಕೆಲಸ ಬಿಡಬೇಕಾ? ನಾನು ಬರೆದ ನಾಲ್ಕು ಸಾಲು ಜೊತೆಗಿದೆ.

ಉತ್ತರ: ಮೊದಲು ಒಂದು ಮಾತು. ಆ ಅಗ್ರಿಮೆಂಟಿಗೆ ಈಗ ಸಹಿ ಮಾಡಬೇಡಿ. ಎಂಟು ಹತ್ತು ದಿನ ಟೈಮ್ ಕೇಳಿ. ನಿಜವಾಗಿ ನಿಮ್ಮ ಹಾಡು ಬೇಕಾದವರು ಅಷ್ಟು ದಿನ ಕಾಯುತ್ತಾರೆ. "ನಾಳೆಯೇ ಬೇಕು" ಅಂದರೆ ಅದೇ ಒಂದು ಉತ್ತರ.

ಒಂದು ರ‍್ಯಾಪ್ ಹಾಡಿನಲ್ಲಿ ಹಕ್ಕು ಒಂದೇ ಇರುವುದಿಲ್ಲ. ನೀವು ಬರೆದ ಸಾಹಿತ್ಯ ಒಂದು ಆಸ್ತಿ, ಅದು ಬರೆದ ಕ್ಷಣದಿಂದ ನಿಮ್ಮದು. ರಿಜಿಸ್ಟ್ರೇಷನ್ ಮಾಡಿಸಿದರೆ ಸಾಕ್ಷಿಗೆ ಒಳ್ಳೆಯದು, ಆದರೆ ಮಾಡಿಸದಿದ್ದರೂ ಹಕ್ಕು ಹೋಗುವುದಿಲ್ಲ. ಬೀಟ್ ಮಾಡಿದವರ ಸಂಗೀತ ಎರಡನೆಯದು. ಇವೆರಡೂ ಸೇರಿ ರೆಕಾರ್ಡ್ ಆದ ಫೈಲ್ ಮೂರನೆಯದು. ಅದನ್ನು ನಮ್ಮ ಕಸುಬಿನಲ್ಲಿ ಮಾಸ್ಟರ್ ಅನ್ನುತ್ತೇವೆ. ಮಾಸ್ಟರ್ ಯಾರದ್ದು? ರೆಕಾರ್ಡಿಂಗ್ ಮಾಡಿಸುವ ಜವಾಬ್ದಾರಿ ಹೊತ್ತವರದ್ದು. ಅಂದರೆ ನೀವೇ ದುಡ್ಡು ಹಾಕಿ, ನೀವೇ ನಿಂತು ಮಾಡಿಸಿದರೆ ನಿಮ್ಮದು. ಕಂಪನಿ ಮಾಡಿಸಿದರೆ ಸಾಮಾನ್ಯವಾಗಿ ಅವರದು. ನೀವು ಕೇಳಿದ "ಸ್ವಂತವಾಗಿ ಬೆಳೆಯುವುದು" ಪೂರ್ತಿ ಈ ಮೂರನೆಯದರ ಮೇಲೆ ನಿಂತಿದೆ. ಮಾಸ್ಟರ್ ನಿಮ್ಮ ಕೈಯಲ್ಲಿದ್ದರೆ ಹತ್ತು ವರ್ಷ ಬಿಟ್ಟು ಯಾರೋ ಸಿನಿಮಾದವರು ಆ ಹಾಡು ಕೇಳಿದಾಗ ಮಾತಾಡುವವರು ನೀವು. ಇಲ್ಲದಿದ್ದರೆ ಸುದ್ದಿ ಕೂಡ ನಿಮಗೆ ಬರುವುದಿಲ್ಲ.

1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಒಂದು ದೊಡ್ಡ ತಿದ್ದುಪಡಿ ಆಯಿತು. ಸಾಹಿತ್ಯ ಬರೆದವರು ಮತ್ತು ಸಂಗೀತ ಮಾಡಿದವರು ಹಕ್ಕನ್ನು ಮಾರಿದರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಆಗುವುದಿಲ್ಲ. "ರಾಯಲ್ಟಿ ಕೇಳುವುದಿಲ್ಲ" ಅಂತ ನಿಮ್ಮ ಕೈಲಿ ಬರೆಸಿಕೊಂಡರೂ ಕಾನೂನಿನ ಮುಂದೆ ಅದು ನಿಲ್ಲುವುದಿಲ್ಲ. ಆದರೆ ಆ ದುಡ್ಡು ತಾನಾಗೇ ಮನೆಗೆ ಬರಲ್ಲ. ಗೀತಸಾಹಿತಿಗಳು ಮತ್ತು ಸಂಗೀತಗಾರರ ಪರವಾಗಿ ವಸೂಲಿ ಮಾಡುವ ಸಂಸ್ಥೆ ಐಪಿಆರ್‌ಎಸ್. ಅದಕ್ಕೆ ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ನೋಂದಾಯಿಸಬೇಕು. ಕನ್ನಡದಲ್ಲಿ ಬರೆಯುವ ಎಷ್ಟೋ ಹುಡುಗರು ಇದನ್ನು ಮಾಡಿಯೇ ಇರುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಅದೇ ಕಾಯ್ದೆಯಲ್ಲಿ ಇನ್ನೂ ಮೂರು ರಕ್ಷಣೆ ಇವೆ. ಅಗ್ರಿಮೆಂಟಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು 5 ವರ್ಷ ಮಾತ್ರ. ಯಾವ ಪ್ರದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡವರು 1 ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ಹಕ್ಕು ನಿಮಗೆ ವಾಪಸ್. ನಿಮಗೆ ಕಳಿಸಿದ ಕಾಗದದಲ್ಲಿ "ಶಾಶ್ವತವಾಗಿ", "ಇಡೀ ಜಗತ್ತಿಗೆ" ಎಂದು ಬರೆದಿರುವುದೇ ಮೊದಲ ಎರಡನ್ನು ಮುಚ್ಚಿಹಾಕಲು. ಮೂರನೆಯದಕ್ಕೂ ಎಲ್ಲೋ ಒಂದು ಸಾಲು ಇರುತ್ತದೆ, ಹುಡುಕಿ ನೋಡಿ.

ಹಾಗಾದರೆ ಕಂಪನಿಗೆ ಏನು ಹೇಳಬೇಕು? ಹಕ್ಕು ಮಾರುವುದಿಲ್ಲ, ಲೈಸೆನ್ಸ್ ಕೊಡುತ್ತೇನೆ, ಅಂದರೆ ಇಷ್ಟು ಕಾಲ ಬಳಸಲು ಅನುಮತಿ ಕೊಡುತ್ತೇನೆ ಅನ್ನಿ. ಈ ಒಂದು ಹಾಡು, 3 ವರ್ಷ, ಅಥವಾ ಹೆಚ್ಚೆಂದರೆ 5. ಆಮೇಲೆ ಮಾಸ್ಟರ್ ನನಗೆ ವಾಪಸ್. ಮೂರು ವರ್ಷ ಬೇರೆ ಎಲ್ಲೂ ಹಾಡಬಾರದು ಎಂಬ ಷರತ್ತು ಪೂರ್ತಿ ತೆಗೆಯಿರಿ. ಅದು ಹೋಗದಿದ್ದರೆ ಉಳಿದದ್ದರ ಬಗ್ಗೆ ಮಾತಾಡುವುದೇ ಬೇಡ. ನಿಮ್ಮ ವಯಸ್ಸಿನಲ್ಲಿ ಮೂರು ವರ್ಷ ಅಂದರೆ ಕಲಿಯುವ ಕಾಲವೆಲ್ಲ ಹೋದ ಹಾಗೆ. ಅವರು ವರ್ಷಕ್ಕೆ ಒಂದೇ ಹಾಡು ಬಿಟ್ಟರೆ ನೀವು ಕೈ ಕಟ್ಟಿ ಕೂರಬೇಕು. ಆ ₹25,000 ಸಂಭಾವನೆಯೋ ಅಥವಾ ಮುಂದೆ ಬರುವ ಗಳಿಕೆಯಲ್ಲಿ ಮುರಿದುಕೊಳ್ಳುವ ಅಡ್ವಾನ್ಸೋ, ಸ್ಪಷ್ಟವಾಗಿ ಬರೆಸಿಕೊಳ್ಳಿ. ನಿಮ್ಮ ಸ್ಟೇಜ್ ಹೆಸರು ನಿಮ್ಮದೇ ಇರಬೇಕು. ಈಗೀಗ ನಿಮ್ಮ ದನಿಯನ್ನು ಎಐಗೆ ಕಲಿಸಲು ಬಳಸಬಹುದು ಎಂಬ ಸಾಲನ್ನೂ ಸೇರಿಸುವವರಿದ್ದಾರೆ, ಅದು ಕಂಡರೆ ಹೊಡೆದುಹಾಕಿ. ಕೊನೆಗೆ ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬ ವಕೀಲರಿಗೆ ಫೀಸು ಕೊಟ್ಟು ಓದಿಸಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಪ್ಪ ಅಮ್ಮ ಸಹಿ ಮಾಡು ಅನ್ನುವುದು ₹25,000 ಕಣ್ಣಿಗೆ ಕಾಣುತ್ತದೆ ಅಂತ. ಕಳೆದುಕೊಳ್ಳುವುದು ಕಾಣುವುದಿಲ್ಲ. ವಕೀಲರ ಬಾಯಿಂದ ಕೇಳಿದರೆ ಅವರಿಗೂ ಅರ್ಥವಾಗುತ್ತದೆ.

ಈಗ ಬೀಟ್ ವಿಷಯ. ಯೂಟ್ಯೂಬಿನಲ್ಲಿ "ಫ್ರೀ" ಅಂತ ಇರುವ ಬೀಟ್‌ಗಳಲ್ಲಿ ಹೆಚ್ಚಿನವು ದುಡ್ಡು ಮಾಡದೆ ಸುಮ್ನೆ ಹಾಡಿಕೊಳ್ಳುವುದಕ್ಕೆ ಮಾತ್ರ ಫ್ರೀ. ವಿವರಣೆಯಲ್ಲಿ ಕೆಳಗೆ ಸಣ್ಣದಾಗಿ ಬರೆದಿರುತ್ತಾರೆ. ಅದೇ ಬೀಟನ್ನು ಲೀಸ್ ಅಂತ ಹತ್ತಾರು ಜನರಿಗೆ ಕೊಟ್ಟಿರುತ್ತಾರೆ. ಆ ಪೈಕಿ ಒಬ್ಬರು ತಮ್ಮ ಹಾಡನ್ನು ಯೂಟ್ಯೂಬಿನ ಕಂಟೆಂಟ್ ಐಡಿಗೆ (ಒಂದೇ ಸದ್ದನ್ನು ಗುರುತಿಸುವ ವ್ಯವಸ್ಥೆ) ಹಾಕಿದರೆ ಸಾಕು, ಅದೇ ಬೀಟ್ ಇರುವ ನಿಮ್ಮ ಹಾಡನ್ನೂ ಯಂತ್ರ ಹಿಡಿಯುತ್ತದೆ. ನಿಮಗೆ ಬಂದ ಎರಡು ಕ್ಲೇಮ್ ಹೀಗೇ ಬಂದಿರುವ ಸಾಧ್ಯತೆ ಜಾಸ್ತಿ. ಕ್ಲೇಮ್ ಬೇರೆ, ಚಾನೆಲ್ ಮೇಲೇ ಬರುವ ಎಚ್ಚರಿಕೆಯಾದ ಸ್ಟ್ರೈಕ್ ಬೇರೆ, ಹೆದರಬೇಡಿ. ಕ್ಲೇಮಿನಿಂದ ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಬೇರೆಯವರಿಗೆ ಹೋಗುತ್ತದೆ, ಚಾನೆಲ್ ಮುಚ್ಚುವುದಿಲ್ಲ. ಆ ಒಂಬತ್ತು ಹಾಡನ್ನು ಅಭ್ಯಾಸ ಅಂದುಕೊಂಡು ಅಲ್ಲೇ ಬಿಡಿ. ಹತ್ತನೆಯದರಿಂದ ಹೊಸ ಲೆಕ್ಕ.

ಹೊಸ ಲೆಕ್ಕ ಅಂದರೆ ನಿಮ್ಮದೇ ವಯಸ್ಸಿನ, ನಿಮ್ಮದೇ ಸುತ್ತಮುತ್ತಲಿನ ಒಬ್ಬ ಬೀಟ್ ಮಾಡುವವರನ್ನು ಹುಡುಕಿ. ಹುಬ್ಬಳ್ಳಿ, ದಾವಣಗೆರೆಯಲ್ಲಿ ಎಫ್ಎಲ್ ಸ್ಟುಡಿಯೋ ಎಂಬ ಬೀಟ್ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು ಕೂತ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಸಾಹಿತ್ಯ ಇವರದು, ಸಂಗೀತ ಇವರದು, ಮಾಸ್ಟರಿನಲ್ಲಿ ಇಬ್ಬರಿಗೂ ಇಷ್ಟಿಷ್ಟು ಪಾಲು. ಅರ್ಧ ಅರ್ಧ ಅಂತ ಶುರು ಮಾಡುವುದು ಒಳ್ಳೆಯದು. ಇಬ್ಬರೂ ಸಹಿ ಹಾಕಿ ಫೋಟೊ ತೆಗೆದಿಟ್ಟುಕೊಳ್ಳಿ. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅನಿಸುತ್ತದೆ. ಹಾಡು ಓಡಿದ ಮೇಲೆ ಮಾತಾಡುವುದು ತುಂಬ ಕಷ್ಟ, ಅದಕ್ಕೇ ಮೊದಲೇ ಮುಗಿಸಿ.

ಅಜ್ಜನ ಕ್ಯಾಸೆಟ್ ಬಗ್ಗೆ ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಅದರಲ್ಲಿ ಎರಡು ಪ್ರಶ್ನೆ ಇವೆ. ಹಾಡು ಬರೆದವರು ಯಾರು? ಯಾರು ಬರೆದರು ಅಂತಲೇ ಗೊತ್ತಿಲ್ಲದ, ತಲೆಮಾರಿನಿಂದ ಬಂದ ಪದವಾದರೆ ಸಾಹಿತ್ಯಕ್ಕೆ ಯಾರೂ ತಡೆಯುವುದಿಲ್ಲ. ಹೆಸರು ಗೊತ್ತಿರುವ ಲಾವಣಿಕಾರರು ಬರೆದದ್ದಾದರೆ ಅವರು ತೀರಿಕೊಂಡು 60 ವರ್ಷ ಆಗುವವರೆಗೆ ಕಾಪಿರೈಟ್ ಇರುತ್ತದೆ. ಗೀಗೀ ಪದದಲ್ಲಿ ಕೊನೆಯ ನುಡಿಗೆ ಕವಿಯ ಹೆಸರೋ ಊರಿನ ಹೆಸರೋ ಬರುವುದುಂಟು, ಕಿವಿಗೊಟ್ಟು ಕೇಳಿ. ಎರಡನೆಯದು, ರೆಕಾರ್ಡ್ ಮಾಡಿದ್ದು ಯಾರು? ಮನೆಯವರೇ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದಾದರೆ ಮನೆಯವರನ್ನೂ ಮೇಳದ ಉಳಿದವರನ್ನೂ ಕೇಳಿ ಒಪ್ಪಿಗೆ ಪಡೆದರೆ ಮುಗಿಯಿತು. ಕಂಪನಿ ಕ್ಯಾಸೆಟ್ ಆದರೆ ಆ ರೆಕಾರ್ಡಿಂಗಿಗೆ ಬಿಡುಗಡೆಯಾದಾಗಿನಿಂದ 60 ವರ್ಷ ಹಕ್ಕು ಇರುತ್ತದೆ, ಅನುಮತಿ ಇಲ್ಲದೆ ಎರಡು ಸೆಕೆಂಡೂ ಎತ್ತಬೇಡಿ. ಅಂಥ ಸಂದರ್ಭದಲ್ಲಿ, ಪದ ಹಳೆಯದಾದರೆ, ಊರಿನ ಮೇಳದವರನ್ನೇ ಕರೆಸಿ ಹೊಸದಾಗಿ ಹಾಡಿಸಿ. ಅವರಿಗೆ ಸಂಭಾವನೆ ಕೊಡಿ, ಹೆಸರು ಹಾಕಿ. ನನ್ನನ್ನು ಕೇಳಿದರೆ ಮನೆಯ ಕ್ಯಾಸೆಟ್ ಇದ್ದರೂ ಇದೇ ಚೆಂದ.

ಯಾಕೆ ಅಂದರೆ ನಿಮ್ಮ ಬಾಲ್ಯದಲ್ಲೇ ನಿಮ್ಮ ಪಾಠಶಾಲೆ ಇದೆ. ಹರದೇಶಿ ನಾಗೇಶಿ ನೋಡಿದ್ದೀರಿ ಅಲ್ವಾ? ಒಂದು ಮೇಳ ಗಂಡು ಹೆಚ್ಚು ಅಂತ ಶಿವನ ಪರ ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅಂತ ಶಕ್ತಿಯ ಪರ. ಒಬ್ಬರು ಸವಾಲು ಹಾಕಬೇಕು, ಎದುರಿನವರು ನಿಂತ ನಿಲುವಿನಲ್ಲಿ ಜವಾಬು ಕಟ್ಟಬೇಕು. ಬೆಳಗಿನವರೆಗೆ ನಡೆಯುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟಿನ ಒಂದು ಪಾರ್ಟಿಯಿಂದ ಹಿಪ್ ಹಾಪ್ ಶುರುವಾಯಿತು ಅನ್ನುತ್ತಾರೆ. ಆ ಸಂಗೀತಕ್ಕೂ ನಮ್ಮ ಡಪ್ಪಿಗೂ ರಕ್ತಸಂಬಂಧ ಇಲ್ಲ. ಆದರೆ ಎದುರಾಳಿಯ ಮಾತನ್ನೇ ಹಿಡಿದು ಅವನಿಗೆ ತಿರುಗಿಸುವ ಕಸುಬು ಎರಡೂ ಕಡೆ ಒಂದೇ. ಇನ್ನೊಂದು ಗಮನಿಸಿ. ಮುಮ್ಮೇಳದವರು ಒಂದು ನುಡಿ ಮುಗಿಸಿದ ಕೂಡಲೇ ಹಿಮ್ಮೇಳದವರು ತುಂತುಣಿ ಮೀಟುತ್ತಾ "ಗೀ ಗೀ" ಅಂತ ಎಳೆಯುತ್ತಾರೆ. ಜನರಿಗೆ ಅದು ಪಲ್ಲವಿ. ಹಾಡುವವನಿಗೆ ಅದು ಉಸಿರು ತೆಗೆದುಕೊಳ್ಳುವ ಜಾಗ. ನಿಮ್ಮ ಒಂಬತ್ತು ಹಾಡನ್ನೂ ಕೇಳಿದೆ. ಎಲ್ಲದರಲ್ಲೂ ಮೂರನೇ ಸಾಲಿಗೆ ಉಸಿರು ಸಾಲದೆ ಪದ ನುಂಗುತ್ತೀರಿ. ಸಾಲಿನ ಕೊನೆಯಲ್ಲಿ ಅರ್ಧ ಬೀಟ್ ಖಾಲಿ ಬಿಡಿ, ಅಲ್ಲಿ ಬೇರೆ ದನಿಯಲ್ಲಿ ಒಂದು "ಹೌದ್ರೀ" ಹಾಕಿ. ಬರೆಯುವಾಗಲೇ ಉಸಿರಿನ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಕೊಳ್ಳಿ.

ನೀವು ಕಳಿಸಿದ ಸಾಲುಗಳು ಹೀಗಿವೆ: "ಕಷ್ಟ ಪಡ್ತೀನಿ, ಮುಂದೆ ಬರ್ತೀನಿ, ಎಲ್ರ ಬಾಯಿ ಮುಚ್ಚಿಸ್ತೀನಿ, ಒಂದಿನ ಗೆದ್ದು ತೋರಿಸ್ತೀನಿ." ಭಾವನೆ ಸರಿ ಇದೆ. ಪ್ರಾಸಕ್ಕೆ ಬಲವಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ, ಅದರ ಬಾಲ ಒಂದೇ ಥರ ಇರುತ್ತದೆ. ಹಾಗಾಗಿ "ತೀನಿ ತೀನಿ" ಅಂತ ಪ್ರಾಸ ತಾನಾಗೇ ಸಿಕ್ಕಿಬಿಡುತ್ತದೆ. ಕೇಳುವವನಿಗೆ ಎರಡನೇ ಸಾಲಿಗೇ ಮುಂದಿನದು ಗೊತ್ತಾಗುತ್ತದೆ. ನಮ್ಮ ಹಳೇ ಕವಿಗಳು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರುವ ಹಾಗೆ ನೋಡಿಕೊಳ್ಳುವುದು, ಅಂದರೆ ಆದಿಪ್ರಾಸ. ಶಾಲೆಯಲ್ಲಿ ಅಂಕಕ್ಕಾಗಿ ಓದಿ ಮರೆತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹರಿಹರನ ರಗಳೆಗಳನ್ನು ತೆಗೆದು ಜೋರಾಗಿ ಓದಿ, ಎರಡೆರಡು ಸಾಲಿಗೆ ಪ್ರಾಸ ಕಟ್ಟಿಕೊಂಡು ಹೇಗೆ ಓಡುತ್ತದೆ ನೋಡಿ.

ನಿಮ್ಮ ಮನೆಯ ವಿಷಯವನ್ನೇ ಇಟ್ಟುಕೊಂಡು ಮೂರು ಸಾಲು ಬರೆದು ತೋರಿಸುತ್ತೇನೆ:

ಚೀಲ ಹೊತ್ತ ಅಪ್ಪನ ಬೆನ್ನು
ಸಾಲ ಹೊತ್ತ ಅಮ್ಮನ ಕಣ್ಣು
ಕಾಲು ಸುಟ್ಟ ಯಾರ್ಡಿನ ಮಣ್ಣು

ಒಂದು ಸಾಲಿಗೆ ನಾಲ್ಕು ಪದ, ನಾಲ್ಕು ಬೀಟ್. ಮಾತ್ರೆ ಎಣಿಸಿದರೆ 3, 3, 4, 3. ಮೂರು ಸಾಲಿಗೂ ಅದೇ. ಎರಡನೇ ಅಕ್ಷರದಲ್ಲಿ ಲಕಾರ ಹೊಡೆಯುತ್ತದೆ, ಕೊನೆಯಲ್ಲಿ ಒತ್ತಕ್ಷರ ಕೂರುತ್ತದೆ. ಒಂದೇ ಒಂದು "ತೀನಿ" ಇಲ್ಲ. ಕೊನೆಯ ಮೂರು ಮಾತ್ರೆಯ ಪದ ಆದ ಮೇಲೆ ಒಂದು ಮಾತ್ರೆಯಷ್ಟು ಜಾಗ ಉಳಿಯುತ್ತದೆ, ಅಲ್ಲಿ ಉಸಿರು. ನಾಲ್ಕನೇ ಸಾಲು ನೀವು ಬರೆಯಿರಿ, ಅದರಲ್ಲಿ ಬೇಕಾದರೆ ನಡೆ ಮುರಿಯಿರಿ. ಮೂರು ಸಾಲು ಒಂದೇ ನಡೆಯಲ್ಲಿ ಹೋಗಿ ನಾಲ್ಕನೆಯದು ತಿರುಗಿದಾಗ ಜನ ತಲೆ ಎತ್ತುತ್ತಾರೆ. 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ನಡೆಯಲ್ಲಿ ಹದಿನಾರು ಬಾರ್, ಬಾರಿಗೆ ನಾಲ್ಕು ಬೀಟಿನ ಲೆಕ್ಕದಲ್ಲಿ, ಅಂದರೆ ಸುಮಾರು 43 ಸೆಕೆಂಡ್. ಅಷ್ಟರಲ್ಲಿ ಒಂದೇ ಸಂಗತಿ ಹೇಳಿ. ನೀವು ಒಂದೊಂದು ವರ್ಸಿನಲ್ಲಿ (ಚರಣದಲ್ಲಿ) ಅಪ್ಪ, ಪ್ರೀತಿ, ರಾಜಕೀಯ, ಶತ್ರು, ಎಲ್ಲ ತುಂಬುತ್ತೀರಿ.

ಭಾಷೆ ಬದಲಾಯಿಸಬೇಕಾ ಅಂದರೆ, ದಯವಿಟ್ಟು ಬೇಡ. ಕನ್ನಡ ರ‍್ಯಾಪನ್ನು ಜನರ ಬಾಯಿಗೆ ತಂದವರಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೋ, ಎಂಸಿ ಬಿಜ್ಜು, ಗುಬ್ಬಿ ಇವರೆಲ್ಲ ಇದ್ದಾರೆ. ಇವರಲ್ಲಿ ಹೆಚ್ಚಿನವರ ಕೆಲಸ ಬೆಂಗಳೂರಿನಲ್ಲಿ, ಮಾತು ಆ ಕಡೆಯದು. ಅವರ ಹಾಗೆ ಮಾತಾಡುವವರು ಆಗಲೇ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಮಾತಿನ ತೂಕವೇ ಬೇರೆ. "ನೋಡ್ತಾ ಇದೆ" ಅನ್ನುವ ಕಡೆ ನೀವು "ನೋಡಾಕತ್ತೈತಿ" ಅನ್ನುತ್ತೀರಿ. ನೋ ಗುರು, ಡಾ ಗುರು, ಕ ಮುಂದೆ ಒತ್ತಕ್ಷರ ಇರುವುದರಿಂದ ಗುರು, ತ್ತೈ ಗುರು, ಕೊನೆಯ ತಿ ಒಂದೇ ಲಘು. ನಾಲ್ಕು ಸಲ ಡಪ್ಪು ಹೊಡೆದು ಕೈ ಎತ್ತಿದ ಹಾಗೆ. ನಿಧಾನದ ಬೀಟಿನ ಮೇಲೆ ಇದನ್ನು ಕೂರಿಸಿ ನೋಡಿ. ನಿಮ್ಮ ಒಂಬತ್ತು ಹಾಡಿನಲ್ಲಿ ಐದನೆಯದು ಮಾತ್ರ ಮನೆಮಾತಿನಲ್ಲಿದೆ, ಅದೊಂದರಲ್ಲಿ ಮಾತ್ರ ನೀವು ಯಾರನ್ನೂ ಅನುಕರಿಸಿಲ್ಲ.

ರೆಕಾರ್ಡಿಂಗಿಗೆ ಸಾಲ ಮಾಡಬೇಡಿ. ಮೈಕ್, ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್ಫೇಸ್, ಹೆಡ್‌ಫೋನ್ ಎಲ್ಲ ಸೇರಿ ಸುಮಾರು ₹20,000ದೊಳಗೆ ಶುರು ಮಾಡಬಹುದು. ಮನೆ ರಸ್ತೆ ಪಕ್ಕದಲ್ಲಿದ್ದು ಗದ್ದಲ ಜಾಸ್ತಿ ಅಂದರೆ ಕಂಡೆನ್ಸರ್ ಮೈಕ್ ಬೇಡ, ಅದು ಬೀದಿಯ ಟಂಟಂ ಸದ್ದನ್ನೂ ಹಿಡಿಯುತ್ತದೆ. ಡೈನಾಮಿಕ್ ಮೈಕ್ ತೆಗೆದುಕೊಳ್ಳಿ. ಬಾಯಿಗೆ ಹತ್ತಿರ, ನಾಲ್ಕೈದು ಬೆರಳಿನಷ್ಟೇ ದೂರ, ಮುಂದೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್. ಹಿಂದೆ, ಪಕ್ಕದಲ್ಲಿ ಕೌದಿ ತೂಗುಹಾಕಿ. ಫ್ಯಾನ್ ಆರಿಸಿ. 24 ಬಿಟ್ ವೇವ್ ಫೈಲಿನಲ್ಲಿ ಹಿಡಿಯಿರಿ, ಲೆವೆಲ್ ಕೆಂಪಿಗೆ ಮುಟ್ಟದಿರಲಿ. ಮಿಕ್ಸಿಂಗ್ ಮತ್ತು ಮಾಸ್ಟರಿಂಗ್ ಮಾತ್ರ ಬಲ್ಲವರಿಗೆ ದುಡ್ಡು ಕೊಟ್ಟು ಮಾಡಿಸಿ. ಬೀಟಿನ ಪ್ರತಿ ವಾದ್ಯದ ಫೈಲನ್ನೂ, ನಿಮ್ಮ ದನಿಯ ಕಚ್ಚಾ ಫೈಲನ್ನೂ ಎರಡು ಕಡೆ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಜಾಹೀರಾತಿಗೆ ಹಾಡು ಕೇಳಿದರೆ ಇದೇ ಬೇಕಾಗುತ್ತದೆ.

ಹಾಡು ಬಿಡುವುದಕ್ಕೆ ಡಿಸ್ಟ್ರಿಬ್ಯೂಟರ್ ಸಾಕು. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದವರು ಹಾಡನ್ನು ಎಲ್ಲ ಆ್ಯಪ್‌ಗಳಿಗೂ ತಲುಪಿಸುತ್ತಾರೆ, ಹಕ್ಕು ಕೇಳುವುದಿಲ್ಲ. ಕೆಲವರು ವರ್ಷಕ್ಕೊಮ್ಮೆ ಶುಲ್ಕ ತೆಗೆದುಕೊಳ್ಳುತ್ತಾರೆ, ಕೆಲವರು ಗಳಿಕೆಯಲ್ಲಿ ಪಾಲು. ವರ್ಷದ ಶುಲ್ಕ ನಿಲ್ಲಿಸಿದರೆ ಹಾಡು ಇಳಿಯುತ್ತದೆಯಾ ಅಂತ ಮೊದಲೇ ಓದಿಕೊಳ್ಳಿ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ನಾಳೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೂ ಅದೇ ಗುರುತು ಕೊಟ್ಟರೆ ಹಳೇ ಕೇಳುಗರ ಲೆಕ್ಕ ಸಾಮಾನ್ಯವಾಗಿ ಉಳಿಯುತ್ತದೆ. ಬಿಡುಗಡೆಗೆ ಮೂರು ನಾಲ್ಕು ವಾರ ಮುಂಚೆ ಅಪ್‌ಲೋಡ್ ಮಾಡಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ತೋರಿಸುವ ಅವಕಾಶ ಬಿಡುಗಡೆಗೆ ಮುಂಚೆ ಮಾತ್ರ ಇರುತ್ತದೆ.

ದುಡ್ಡಿನ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಸ್ಟ್ರೀಮಿಂಗಿನಿಂದ ಮೊದಲ ವರ್ಷಗಳಲ್ಲಿ ಮನೆ ನಡೆಯುವುದಿಲ್ಲ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದಿದ್ದರೆ ಅದಕ್ಕೆ ಏನೂ ಬರುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ 1,000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಹಾಗಾಗಿ ಕೆಲಸ ಬಿಡಬೇಡಿ. ಕಂಪ್ಯೂಟರ್ ಅಂಗಡಿಯ ಸಂಬಳವೇ ಸದ್ಯಕ್ಕೆ ನಿಮ್ಮ ಮ್ಯೂಸಿಕ್ ಕಂಪನಿ, ಅದು ನಿಮ್ಮ ಹಕ್ಕು ಕೇಳುವುದಿಲ್ಲ. ಬೆಂಗಳೂರಿನಲ್ಲಿ ರ‍್ಯಾಪರ್ ಆಗಿ ಹೆಸರು ಮಾಡಿದ ಹನುಮಾನ್‌ಕೈಂಡ್ ಕೇರಳ ಮೂಲದವರು, ಇಂಗ್ಲಿಷಿನಲ್ಲಿ ಹಾಡುತ್ತಾರೆ. ಅವರೂ ನೌಕರಿ ಮಾಡುತ್ತಲೇ ವೇದಿಕೆ ಏರಿದವರು. ಮೊದಲ ಇಪಿ (ಚಿಕ್ಕ ಆಲ್ಬಂ) ಬಂದದ್ದು 2019ರಲ್ಲಿ, ಜಗತ್ತು ತಿರುಗಿ ನೋಡಿದ್ದು 2024ರಲ್ಲಿ. ನಡುವಿನ ಐದು ವರ್ಷ ಅವರು ಹಾಡು ಬಿಡುತ್ತಲೇ ಇದ್ದರು. ಮನೆಯಲ್ಲಿ ಕೇಳಿದರೆ ಈ ಲೆಕ್ಕ ಹೇಳಿ. ತಿಂಗಳಿಗೆ ಇಷ್ಟು ಮನೆಗೆ, ಇಷ್ಟು ಹಾಡಿಗೆ ಅಂತ ಭಾಗ ಮಾಡಿ, ಮನೆಯ ಭಾಗವನ್ನು ಯಾವತ್ತೂ ತಪ್ಪಿಸಬೇಡಿ. ಆಮೇಲೆ ಅವರು ನಿಮ್ಮ ಹಾಡಿನ ಬಗ್ಗೆ ಕೇಳುವ ರೀತಿಯೇ ಬದಲಾಗುತ್ತದೆ.

ನಿಮಗೆ ಮೊದಲು ದುಡ್ಡು ಕೊಡುವುದು ವೇದಿಕೆ. ನವೆಂಬರ್ ಪೂರ್ತಿ ರಾಜ್ಯೋತ್ಸವ ನಡೆಯುತ್ತದೆ, ಕನ್ನಡ ಸಂಘಗಳಿಗೆ ಹೊಸ ದನಿ ಬೇಕಾಗಿರುತ್ತದೆ. ಅದಕ್ಕೆ ಮುಂಚೆ ಗಣೇಶ ಹಬ್ಬ, ವರ್ಷದ ಕೊನೆಯ ತಿಂಗಳುಗಳಿಂದ ಕಾಲೇಜು ಫೆಸ್ಟ್. ಇಪ್ಪತ್ತು ನಿಮಿಷ ಬಿಡದೆ ಹಾಡುವ ಒಂದು ಸೆಟ್ ಸಿದ್ಧ ಮಾಡಿಕೊಳ್ಳಿ, ಎಲ್ಲ ನಿಮ್ಮದೇ ಬೀಟ್, ನಿಮ್ಮದೇ ಸಾಹಿತ್ಯ. ಸಾಧ್ಯವಾದರೆ ಡಪ್ಪು ಬಾರಿಸುವ ಒಬ್ಬರು ಪಕ್ಕದಲ್ಲಿರಲಿ. ಕರೆಂಟ್ ಹೋದರೂ ಕಾರ್ಯಕ್ರಮ ನಿಲ್ಲುವುದಿಲ್ಲ, ಫೋನಿನಲ್ಲಿ ಬೀಟ್ ಹಾಕಿ ಹಾಡುವವರಿಗಿಂತ ಬೇರೆಯಾಗಿಯೂ ಕಾಣುತ್ತೀರಿ. "ಪ್ರಚಾರ ಸಿಗ್ತದ, ಫ್ರೀ ಬರ್ರಿ" ಅನ್ನುವವರಿಗೆ ಊರಿನ ಶಾಲೆಯ ಕಾರ್ಯಕ್ರಮವೊಂದನ್ನು ಬಿಟ್ಟು ಉಳಿದ ಕಡೆ ಬೇಡ ಅನ್ನಿ. ಬಸ್ ಚಾರ್ಜು, ಊಟ, ಸಂಭಾವನೆ, ಮೈಕ್ ಎಷ್ಟು, ಎಷ್ಟು ಹೊತ್ತಿಗೆ ವೇದಿಕೆ, ಇದೆಲ್ಲವನ್ನೂ ವಾಟ್ಸಾಪಿನಲ್ಲಿ ಬರೆದು ಒಪ್ಪಿಸಿಕೊಳ್ಳಿ. ಅರ್ಧ ದುಡ್ಡು ಮುಂಗಡ, ಉಳಿದರ್ಧ ವೇದಿಕೆ ಹತ್ತುವ ಮುಂಚೆ. ಈ ಸಲದ ನವೆಂಬರಿಗೆ ಸೇರಬೇಕಾದರೆ ಸಂಘಗಳವರನ್ನು ಸೆಪ್ಟೆಂಬರಿನಲ್ಲೇ ಹೋಗಿ ಕಾಣಿ, ಐದನೇ ಹಾಡನ್ನು ಮೊಬೈಲಿನಲ್ಲಿ ಕೇಳಿಸಿ.